ಇಲ್ಲದ ಮೊಳೆ

"ಮೊಳೆ! ಮೊಳೆ ಹೊಕ್ಕಿದೆ, ಇನ್ನೇನು!" ಆರ್ವಿಡ್ ಅಂಗಳದ ನಡುವೆ ನಿಂತು ಕೂಗಿದ. "ಕೋಳಿಗೂಡಿನ ಮಾಡು ರಿಪೇರಿ ಮಾಡೋವಾಗ್ಲೇ ಬಡ್ಕೊಂಡೆ, ಉದುರಿದ ಮೊಳೇನೆಲ್ಲ ಆರಿಸಿಡು ಅಂತ. ಮಿಲ್ವಾಕಿ ಪೇಟೇಲಿ ಬೆಳೆದೋರಿಗೆ ನೆಲ ನೋಡಿ ಗಾಡಿ ಓಡಿಸಿ ಗೊತ್ತಿದ್ರೆ ತಾನೆ!"

ಸೊಸೆ ಟೆಸ್ಸಾ ಸ್ಕಿಡ್ ಸ್ಟಿಯರ್‌ನಿಂದ ಇಳಿದು ತಲೆ ತಗ್ಗಿಸಿ ನಿಂತಿದ್ದಳು. ಮುಂದೆ ಬಕೆಟ್ ಇರುವ ಆ ಪುಟ್ಟ ಯಂತ್ರ ಹಸುಗಳಿಗೆ ಮೇವು ನೂಕುವ ದಾರಿಯಲ್ಲೇ ಎಡಕ್ಕೆ ವಾಲಿತ್ತು. ಮಾರ್ಚ್ ಬಂದರೂ ನೆಲದ ಮಂಜುಗಡ್ಡೆ ಕರಗಿರಲಿಲ್ಲ. ಜಾರದಿರಲೆಂದು ಒಂದೊಂದು ಬದಿಯ ಎರಡೆರಡು ಟೈರುಗಳನ್ನೂ ಸೇರಿಸಿ ಉಕ್ಕಿನ ಚೈನ್ ಸುತ್ತಲಾಗಿತ್ತು. ಎಡಬದಿಯ ಚೈನ್ ಈಗ ಜೋಲುಬಿದ್ದಿತ್ತು, ಅದರೊಳಗಿನ ಮುಂದಿನ ಟೈರು ಚಪ್ಪಟೆ. ಕೊಟ್ಟಿಗೆಯಲ್ಲಿ ಹಸುಗಳು ಹಸಿದು ಅರಚುತ್ತಿದ್ದವು. ಆರ್ವಿಡ್‌ನ ಕೂಗು ಅವಕ್ಕಿಂತ ಜೋರಾಗಿತ್ತು. ಅಡುಗೆಮನೆಯ ಕಿಟಕಿಯಲ್ಲಿ ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಕೂತಿದ್ದ ಮಗ ಕರ್ಟಿಸ್‌ಗೂ ಕೇಳಿಸಿತು, ಆಗಷ್ಟೇ ಗಾಡಿ ನಿಲ್ಲಿಸಿ ಇಳಿದ ಟೈರ್ ಅಂಗಡಿಯ ವರ್ಲಿನ್‌ಗೂ ಕೇಳಿಸಿತು.

"ನಂದೇ ತಪ್ಪು ಮಾವ," ಎಂದು ಟೆಸ್ಸಾ ಯಂತ್ರದ ಕೀಲಿಯನ್ನು ಬೇಲಿಗೂಟದ ಮೇಲಿಟ್ಟಳು. "ಇನ್ಮೇಲೆ ನಾನು ಇದನ್ನ ಹತ್ತಲ್ಲ." ಒಂದು ಡಬ್ಬ ಹಿಡಿದುಕೊಂಡು ಕೋಳಿಗೂಡಿನ ಕಡೆ ಹೋಗಿ, ಮಂಜಿನ ರಾಡಿಯಲ್ಲೇ ಮಂಡಿಯೂರಿ ಮೊಳೆ ಹುಡುಕತೊಡಗಿದಳು.

ಹತ್ತದಿದ್ದರೆ? ಕರ್ಟಿಸ್ ಕಾಲು ಮುರಿದುಕೊಂಡಾಗಿನಿಂದ ಮೇವು ನೂಕಿದವಳು, ಸಗಣಿ ಬಾಚಿದವಳು ಅವಳೇ. ಆರ್ವಿಡ್‌ನ ಸೊಂಟಕ್ಕೆ ಆ ಸೀಟು ಆಗಿಬರುತ್ತಿರಲಿಲ್ಲ. ಅವಳು ನಿಜವಾಗಿಯೂ ಕೈಬಿಟ್ಟರೆ ಹಸುಗಳನ್ನು ಮಾರುವುದೊಂದೇ ದಾರಿ. ಅದು ಗೊತ್ತಿದ್ದೂ ಮುದುಕ ಅವಳನ್ನು ತಡೆಯಲಿಲ್ಲ. ಬೈಯುವ ಹುರುಪು ಇನ್ನೂ ಇಳಿದಿರಲಿಲ್ಲ, ಅಷ್ಟೆ.

ವರ್ಲಿನ್ ಬಕೆಟ್ಟನ್ನು ನೆಲಕ್ಕೆ ಒತ್ತಿ ಯಂತ್ರದ ಮೂತಿ ಎತ್ತಿದ, ಅಡಿಗೆ ಮರದ ದಿಮ್ಮಿಗಳನ್ನು ಕೊಟ್ಟ. ಚೈನಿನ ಪಿನ್ನು ಬಡಿದು ತೆಗೆದು, ಚೈನ್ ಹರವಿ, ಚಕ್ರ ಕಳಚಿದ. ಟೈರಿನೊಳಗೆ ಕೈಯಾಡಿಸಿದ. ಏನೂ ತಾಕಲಿಲ್ಲ. ಸುತ್ತ ಪಟ್ಟಿ ಬಿಗಿದು ಗಾಳಿ ಬಿಟ್ಟಾಗ ಟೈರು ಢಬ್ಬೆಂದು ರಿಮ್ಮಿಗೆ ಕೂತಿತು. ಸೋಪಿನ ನೀರು ಸುರಿದು ನೋಡಿದರೆ ಒಂದು ಗುಳ್ಳೆಯೂ ಏಳಲಿಲ್ಲ.

"ಸರಿಯಾಗಿ ನೋಡೋ. ಮೊಳೆ ಇದ್ದೇ ಇರುತ್ತೆ," ಎಂದ ಆರ್ವಿಡ್.

"ನೋಡಿದ್ದಾಯ್ತು ಮಾರಾಯ. ತೂತು ಇದ್ರೆ ಗುಳ್ಳೆ ಬರ್ಬೇಕಲ್ಲ? ಗಾಳಿ ಸಾಲದೆ ಟೈರು ರಿಮ್ ಬಿಟ್ಟಿದೆ. ಚೈನ್ ಹಾಕಿದ್ಯಾರು?"

"ನಾನೇ, ನಿನ್ನೆ. ಇನ್ಯಾರ ಕೈಲಾಗುತ್ತೆ ಇಲ್ಲಿ?"

"ಹಾಕೋವಾಗ ಟೈರಿನ ಗಾಳಿ ಇಳಿಸಿದ್ಯಾ?"

"ಇಳಿಸ್ದೆ ಕೊನೇ ಕೊಂಡಿ ಕೂರುತ್ತೇನೋ? ನನಗೇ ಪಾಠ ಹೇಳ್ತೀಯಲ್ಲ!"

"ಆಮೇಲೆ ತುಂಬಿದ್ಯಾ?"

ಆರ್ವಿಡ್ ನಿನ್ನೆಯದನ್ನು ಮನಸ್ಸಿನಲ್ಲೇ ತಿರುವಿದ. ಹಿಂದಿನ ಚಕ್ರಕ್ಕೆ ತುಂಬಿದ್ದು ನೆನಪಿತ್ತು. ಅಷ್ಟರಲ್ಲಿ ಟೆಸ್ಸಾ ಬಾಗಿಲಿಗೆ ಬಂದು, ಕೈ ಸೆಟೆದುಹೋಗುತ್ತೆ ಬನ್ನಿ ಮಾವ, ಸೂಪು ಬಿಸಿಯಿದೆ ಎಂದು ಕರೆದಿದ್ದಳು. ಹೊಟ್ಟೆ ತುಂಬ ಕುಡಿದು, ಒಲೆಯ ಪಕ್ಕದ ಕುರ್ಚಿಯಲ್ಲೇ ತೂಕಡಿಸಿಬಿಟ್ಟಿದ್ದ. ಮುಂದಿನ ಚಕ್ರ ಅವನ ತಲೆಯಿಂದಲೇ ಹಾರಿಹೋಗಿತ್ತು. ಥೂ, ನನ್ನ ಜನ್ಮಕ್ಕಿಷ್ಟು ಎಂದುಕೊಂಡ. ಚಳಿಯಲ್ಲೂ ಕಿವಿ ಸುಡತೊಡಗಿತು.

"ಎತ್ತು ಈಯ್ತು ಅಂದ್ರೆ ಕರು ಕಟ್ಟು ಅಂದ್ಹಾಗಾಯ್ತು," ವರ್ಲಿನ್ ಕೈ ಒರೆಸಿಕೊಂಡ. "ನೀನು ಮೊಳೆ ಅಂದೆ, ನಾನೂ ಹುಡುಕಿದೆ. ಪಾಪ, ಆ ಹುಡುಗಿ ಇನ್ನೂ ಹುಡುಕ್ತಾ ಇದಾಳೆ."

"ಒಂದು ಸಣ್ಣ ಮೊಳೆ ಸಿಕ್ತು ಅಂದ್ಬಿಡೋ, ನಿನ್ನ ದಮ್ಮಯ್ಯ."

"ನಾನ್ಯಾಕೆ ಅನ್ಲಿ? ಬೈದಿದ್ದು ನಾನಾ?" ವರ್ಲಿನ್ ಚಕ್ರವನ್ನು ಉರುಳಿಸಿಕೊಂಡು ಯಂತ್ರದ ಕಡೆ ಹೊರಟ.

ಆರ್ವಿಡ್ ಕಾಲೆಳೆಯುತ್ತ ಕೋಳಿಗೂಡಿನ ಹತ್ತಿರ ಬಂದ. ಟೆಸ್ಸಾ ಗ್ಲೌಸು ಕಳಚಿಟ್ಟು ಬರಿಗೈಯಲ್ಲಿ ಮಂಜು ಕೆದಕುತ್ತಿದ್ದಳು. ಬೆರಳುಗಳು ಕೆಂಪಗೆ ಬಾತಿದ್ದವು. ಮಂಡಿಯವರೆಗೂ ಒದ್ದೆ. ಡಬ್ಬ ಖಾಲಿಯಾಗೇ ಇತ್ತು.

"ಸಿಕ್ತಾ ಮಾವ?" ಅವಳು ತಲೆಯೆತ್ತದೆ ಕೇಳಿದಳು. "ನಾನು ಅವತ್ತೇ ಎಲ್ಲ ಆರಿಸಿದೀನಿ ಅಂದ್ಕೊಂಡಿದ್ದೆ. ಒಂದೂ ಕಾಣಿಸ್ತಿಲ್ಲ. ಆದ್ರೂ ಎಲ್ಲೋ ಬಿಟ್ಟಿರ್ತೀನಿ. ಹಸು ಏನಾದ್ರೂ ಮೇವಿನ ಜೊತೆ ನುಂಗಿದ್ರೆ ಏನ್ಗತಿ?"

ಆ ಮಾತು ಕೇಳಿ ಮುದುಕನಿಗೆ ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ಕಿಟಕಿಯ ಕಡೆ ನೋಡಿದ. ಕರ್ಟಿಸ್ ಇನ್ನೂ ಅಲ್ಲೇ ಕೂತಿದ್ದ. ಯಂತ್ರದ ಹತ್ತಿರ ವರ್ಲಿನ್ ನಟ್ಟು ಬಿಗಿಯುವುದನ್ನು ನಿಲ್ಲಿಸಿ ಇತ್ತಲೇ ನೋಡುತ್ತಿದ್ದ. ಆರ್ವಿಡ್ ಸೊಂಟ ಹಿಡಿದುಕೊಂಡು ಬಗ್ಗಿ, ಸೊಸೆಯ ಕಿವಿಯ ಹತ್ತಿರ ಬಾಯಿ ತಂದ.

"ಮೊಳೆ ಇರ್ಲಿಲ್ಲಮ್ಮ," ಪಿಸುಗುಟ್ಟಿದ. "ಗಾಳಿ ತುಂಬೋದನ್ನ ನಾನೇ ಮರೆತಿದ್ದೆ."

ಟೆಸ್ಸಾಳ ಕೈ ನಿಂತಿತು. ಎದ್ದು, ಮಂಡಿಗಂಟಿದ್ದ ಮಂಜು ಕೊಡವಿಕೊಂಡು, ಅವನ ಮುಖವನ್ನೇ ನೋಡಿದಳು.

"ಬೈಯೋವಾಗ ಇಷ್ಟು ಮೆತ್ತಗೆ ಬೈದಿರ್ಲಿಲ್ಲ, ಮಾವ."