ಕೈಗಡ ಕೊಟ್ಟ ಬಿಳಿಕಣ

ನಮ್ಮ ಊರಲ್ಲಿ ಮದುವೆ ಗಂಡಿಗೆ ಜೀವದ ಗೆಳೆಯ ತನ್ನ ರಕ್ತದ ಬಿಳಿಕಣಗಳನ್ನು ಕೈಗಡ ಕೊಡುತ್ತಾನೆ. ಊರವರ ಕೈಯನ್ನೆಲ್ಲ ಕುಲುಕುವ ಗಂಡಿಗೆ ರೋಗ ತಾಗಬಾರದಲ್ಲ, ಅದಕ್ಕೆ. ಅಂಗೈಗೆ ಅಂಗೈ ಒತ್ತಿ ಹಿಡಿದರೆ ಸಾಕು, ಹರಿದು ಹೋಗುತ್ತವೆ. ಅರಿಸಿನ ತೊಳೆದ ದಿನವೇ ಗಂಡು ಬಂದು ಹಾಗೆಯೇ ವಾಪಸು ಕೊಡಬೇಕು.

ನನ್ನ ಬಿಳಿಕಣ ಒಯ್ದಿದ್ದ ಗುರುಪಾದ ವಾರ ಬಿಟ್ಟು ಬಂದ. ಅಷ್ಟರಲ್ಲಿ ನನ್ನ ಬಾಯೆಲ್ಲ ಹುಣ್ಣಾಗಿ, ಜ್ವರ ಏರಿ, ಅವ್ವ ನನ್ನನ್ನು ಪ್ಲಾಸ್ಟಿಕ್ ಪರದೆಯೊಳಗೆ ಮಲಗಿಸಿದ್ದಳು. ಬಿಳಿಕಣ ಇಲ್ಲದ ಮೈ ಈ ಜ್ವರ ತಡೆಯುವುದಿಲ್ಲ ಎಂದು ಡಾಕ್ಟರು ಹೇಳಿ ಹೋಗಿದ್ದರು. ಅವ್ವನ ರಕ್ತ ನನಗೆ ಕೂಡುವುದಿಲ್ಲ. ಇಡೀ ಓಣಿಯಲ್ಲಿ ಕೂಡುವುದು ಇವನೊಬ್ಬನದೇ.

ಪರದೆಯ ಕಿಂಡಿಯಿಂದ ಕೈ ಚಾಚಿದೆ. “ಹಿಡೀಲೇ ಲಗೂನ.”

ಅವನು ಹಿಡಿಯಲಿಲ್ಲ. “ಮಾವಗ ನ್ಯುಮೋನಿಯಾ ಆಗಿತ್ತೋ ಮೈಲಾರಿ. ಬೀಗರೆಲ್ಲ ನನ್ನ ಮಾರಿ ನೋಡಾಕತ್ತಿದ್ರು. ನಿನ್ನವು ಮಾವಗ ಕೊಟ್ಟೆ.”

“ನನ್ನವು ಯಾಕ ಕೊಟ್ಟೀ? ನಿನ್ನವು ಇರಲಿಲ್ಲೇನು?”

“ನೀ ಗ್ಯಾರೇಜಿನಾಗ ಬೆಳದ ಗಟ್ಟಿ ಆಳು. ಮತ್ತ ಹುಟ್ತಾವ ಬಿಡು.”

ಏಳನೇ ಇಯತ್ತೆ ಬಿಟ್ಟು ಇಬ್ಬರೂ ಅದೇ ಗ್ಯಾರೇಜಿಗೆ ಸೇರಿದವರು, ಒಂದೇ ಡಬ್ಬಿಯಲ್ಲಿ ಉಂಡವರು. ಆ ಬಾಯಿಂದಲೇ ಈ ಮಾತು!

“ಹಂಗಾದ್ರ ಈಗ ನಿನ್ನವು ಕೊಡು. ಅರ್ಧ ಕೊಡು ಸಾಕು.”

ಅವನು ಬಲಗೈಯನ್ನು ಪ್ಯಾಂಟಿನ ಜೇಬಿಗೆ ಇಳಿಸಿದ. “ಹೊಸಾ ಮದುವಿ ಐತಿ. ಆಕಿ ಬ್ಯಾಡ ಅಂತಾಳ.”

ಅಷ್ಟರಲ್ಲಿ ಅವ್ವ ಒಳಗಿನಿಂದ ಚಹಾ ತಂದಳು. ಅವಳಿಗೆ ಇದ್ಯಾವುದೂ ಕೇಳಿಸಿರಲಿಲ್ಲ. “ಬಂದ್ಯಾ ನಮ್ಮಪ್ಪಾ! ನನ್ನ ಮಗ ಉಳಕೊಂಡ ಬಿಡು,” ಎಂದಳು.

ಗುರುಪಾದ ಜೇಬಿನ ಕೈ ತೆಗೆಯಲಿಲ್ಲ. ಎಡಗೈ ಚಾಚಿ ಕಪ್ಪು ಇಸಿದುಕೊಂಡ.