ಹುಬ್ಬಳ್ಳಿಯ ನಾಲ್ಕು ಗುಂಟೆ

"ಹುಬ್ಬಳ್ಳಿ ಜಾಗಾ ನಂದು. ಉಳದದ್ದೆಲ್ಲಾ ನಿಂದು," ಎಂದು ಸುಭಾಸ ಹೇಳಿದ ಕೂಡಲೇ ರೋಹಿಣಿಗೆ ಅಣ್ಣನ ಹೊಟ್ಟೆಯೊಳಗಿನ ಮೋಸ ಗೊತ್ತಾಗಿಹೋಯಿತು.

ತಿರ್ಲಾಪುರದಲ್ಲಿ ಆಸ್ತಿ ವಾಟ್ನಿಯ ರೂಢಿ ಒಂದೇ: ದೊಡ್ಡವರು ಪಾಲು ಮಾಡಬೇಕು, ಸಣ್ಣವರು ಮೊದಲು ಆರಿಸಿಕೊಳ್ಳಬೇಕು. ಪಾಲು ಮಾಡಿದವನೇ ಆರಿಸಲು ಕುಳಿತರೆ ಅದು ಪಾಲಲ್ಲ, ದರೋಡೆ. ಹಿರಿಯನಾಗಿ ಬಂದಿದ್ದ ಕನಕಪ್ಪ ಕಾಕಾನೂ ಹುಬ್ಬೇರಿಸಿದ.

ತೀರಿಹೋದ ಅಪ್ಪ ಮಡಿವಾಳೆಪ್ಪ ಹತ್ತಿ ವ್ಯಾಪಾರಿ. ಬಿಟ್ಟುಹೋದದ್ದು ಊರಲ್ಲಿ ಎರಡು ಎಕರೆ ಎರೆ ಹೊಲ, ಅಂಕೋಲೆಯ ಕಡಲಂಚಿಗೆ ಐದು ಗುಂಟೆ ಉಸುಕು, ಹುಬ್ಬಳ್ಳಿಯಲ್ಲಿ ನಾಲ್ಕು ಗುಂಟೆ. ಸುಭಾಸ ಮೊದಲೆರಡನ್ನೂ ಕೂಡಿಸಿ ಒಂದು ಪಾಲು ಮಾಡಿದ್ದ, ಹುಬ್ಬಳ್ಳಿಯದನ್ನು ಇನ್ನೊಂದು. ನೋಡುವವರ ಕಣ್ಣಿಗೆ ತಂಗಿಯದೇ ದೊಡ್ಡ ಪಾಲು.

ಆದರೆ ರೋಹಿಣಿ ಎಲ್ಲ ಕಡೆಯ ಬೆಲೆ ವಿಚಾರಿಸಿಕೊಂಡೇ ಬಂದಿದ್ದಳು. ಕಡಲಂಚಿನ ನೆಲಕ್ಕೆ ಬಂಗಾರದ ಬೆಲೆ ನಿಜ. ಅಪ್ಪ ಕೊಂಡದ್ದು ಮಾತ್ರ ಮನೆ ಕಟ್ಟಲು ಪರವಾನಗಿಯೇ ಸಿಗದಷ್ಟು ನೀರಿನ ಸಮೀಪ. ತಿರ್ಲಾಪುರದ ಹೊಲ ಪೂರ್ತಿ ಮಾರಿದರೂ ಹುಬ್ಬಳ್ಳಿಯಲ್ಲಿ ಒಂದು ಗುಂಟೆ ಬರುವುದಿಲ್ಲ. ಅಣ್ಣಿಗೇರಿಯ ಬಾಡಿಗೆ ಮನೆಯಲ್ಲಿ ಹನ್ನೆರಡು ವರ್ಷ ಹೊಲಿಗೆ ಯಂತ್ರ ತುಳಿದವಳು ಅವಳು. ಎರಡು ಗುಂಟೆ ಮಾರಿ, ಉಳಿದೆರಡರಲ್ಲಿ ತನ್ನದೆಂಬ ಮನೆ ಕಟ್ಟಬೇಕು. ಅದೊಂದೇ ಆಸೆ.

"ಅಲ್ಲಿ ಮನಿ ಕಟ್ಟಿಸ್ತೀಯೇನಣ್ಣ? ಇಲ್ಲಾ ಮಾರತೀಯೋ?"

"ಎರಡೂ ಇಲ್ಲ."

"ಮತ್ಯಾಕ ಬೇಕು?"

ಸುಭಾಸ ಅವ್ವನ ಕಡೆ ನೋಡಿದ. ಸಾವಿತ್ರೆವ್ವ ಸೆರಗಿನಿಂದ ಬಾಯೊರೆಸಿಕೊಂಡಳು. "ಅದೊಂದು ಅವಗ ಬಿಡವ್ವಾ. ಬೇಕಾದ್ರ ನನ್ನ ಬಂಗಾರಾನೂ ನೀನ ತಗೋ."

ಅವ್ವನೂ ಮಗನ ಕಡೆಯೇ! ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರುವುದು? ಅಪ್ಪನಿದ್ದಿದ್ದರೆ ಹೀಗಾಗುತ್ತಿರಲಿಲ್ಲ. ಪ್ರತಿ ಸೋಮವಾರ ಹತ್ತಿ ಮಾರಲು ಹುಬ್ಬಳ್ಳಿಗೆ ಹೋದವನು ಮಂಗಳವಾರ ಮರಳುವಾಗ ಮಗಳಿಗೆ ಬಳೆಯೋ ರಿಬ್ಬನ್ನೋ ತಾರದೇ ಇದ್ದದ್ದಿಲ್ಲ. ಮನೆಯವರಿಗೆ ಮೋಸ ಮಾಡುವುದು ಅವನಿಗೆ ಗೊತ್ತೇ ಇರಲಿಲ್ಲ.

"ಕಾಕಾ, ರೂಢಿ ಏನೈತಿ ಹೇಳ್ರಿ."

ಕನಕಪ್ಪ ಸುಭಾಸನ ಮುಖ ನೋಡದೆ ಹೇಳಿದ, "ಸಣ್ಣಾಕಿ ಆರಿಸಬೇಕು."

"ಹಂಗಾರ ಹುಬ್ಬಳ್ಳಿ ನಂದು."

ಸುಭಾಸ ಎಲ್ಲರೆದುರು ಕೈಮುಗಿದ. "ಬ್ಯಾಡ ತಂಗಿ. ನಿನ್ನ ಸಲುವಾಗಿನ ಹೇಳಾಕತ್ತೇನಿ."

ಎಂಥ ನಾಟಕ! "ನಾಳೇನ ಹೋಗಿ ಜಾಗಾ ನೋಡಿ ಬರತೇನಿ," ಎಂದು ರೋಹಿಣಿ ಎದ್ದಳು. ಒಬ್ಬಳೇ ಹೋಗಬೇಡ, ನಾನೂ ಬರುತ್ತೇನೆ ಎಂದು ಅವನು ಬಾಗಿಲವರೆಗೂ ಬೆನ್ನು ಹತ್ತಿ ಬಂದ. ಮರುದಿನ ಬೆಳಿಗ್ಗೆ ಅವನು ಏಳುವ ಮೊದಲೇ ಅವಳು ಬಸ್ಸು ಹತ್ತಿದ್ದಳು.

ಹುಬ್ಬಳ್ಳಿಯಲ್ಲಿ ಪ್ಲಾಟಿನ ನಂಬರು ಕೇಳುತ್ತಾ ಹೋದಳು. ಜಾಲಿ ಬೆಳೆದ ಖಾಲಿ ಜಾಗ ಎಂದು ಅಪ್ಪ ಹೇಳುತ್ತಿದ್ದಲ್ಲಿ ಸುಣ್ಣ ಬಳಿದ ಮನೆಯೊಂದು ನಿಂತಿತ್ತು. ಅಂಗಳದಲ್ಲಿ ರಂಗೋಲಿ, ಹಗ್ಗದ ಮೇಲೆ ಒಣಗುವ ಬಟ್ಟೆ. ಹಾಗಾದರೆ ಅಣ್ಣ ಇಷ್ಟು ದಿನ ಗುಟ್ಟಾಗಿ ಬಾಡಿಗೆ ತಿನ್ನುತ್ತಿದ್ದಾನೆ! ಸಿಟ್ಟಿನಿಂದ ಬಾಗಿಲು ಬಡಿದಳು.

ಇಪ್ಪತ್ತರ ಹುಡುಗಿಯೊಬ್ಬಳು ತೆರೆದಳು. ಯಾರು, ಏನು ಎಂದು ಕೇಳಲಿಲ್ಲ. ಅರೆಗಳಿಗೆ ಕಣ್ಣರಳಿಸಿ ನೋಡಿ, ಒಳಗೆ ತಿರುಗಿ ಕೂಗಿದಳು:

"ಅವ್ವಾ, ಫೋಟೋದಾಗಿನ ಅಕ್ಕ ಬಂದಾಳ ನೋಡ, ನಮ್ಮಪ್ಪನ ದೊಡ್ಡ ಮಗಳು!"