ಬ್ರೇಕ್ ಒತ್ತಿದ್ದು ಯಾರು

ತಪಾಸಣಾ ಕೇಂದ್ರದ ಮೆಕ್ಯಾನಿಕ್ ಸ್ಟಿಯರಿಂಗ್ ಕೆಳಗೆ ವೈರು ಸಿಕ್ಕಿಸಿ, ಕಾರಿನ ಸಾಫ್ಟ್‌ವೇರ್ ಪರೀಕ್ಷಿಸುತ್ತಿದ್ದ. "ಹೋದ ವಾರ ಗಾಡಿ ಗಕ್ಕಂತ ನಿಂತಿತ್ತಾ?" ಎಂದು ಕೇಳಿದ.

"ಇವಳೇ ಸುಮ್ಸುಮ್ನೆ ಬ್ರೇಕ್ ಒತ್ತಿದ್ದು. ಅಮ್ಮನ ಹಣೆ ಒಡೀತು. ಅವತ್ತಿಂದ ಕೀ ಕೊಟ್ಟಿಲ್ಲ," ಎಂದು ಪಕ್ಕದಲ್ಲಿ ನಿಂತಿದ್ದ ಹೆಂಡತಿಯನ್ನು ದೂರುತ್ತಾ ಗಂಡ ಹಿಂದಿನ ಸೀಟಿನತ್ತ ಕೈ ತೋರಿಸಿದ. ಅಲ್ಲಿ ಹಣೆಗೆ ಪಟ್ಟಿ ಕಟ್ಟಿಕೊಂಡ ಅತ್ತೆ ಕುಳಿತಿದ್ದರು. ಆ ದಿನದಿಂದ ಅವರು ಸೊಸೆಯನ್ನು ಮಾತಾಡಿಸಿರಲಿಲ್ಲ. ತಾನು ಒತ್ತಲಿಲ್ಲವೆಂದು ಹೇಳಿ ಹೇಳಿ ಅವಳಿಗೂ ಸಾಕಾಗಿತ್ತು.

ಮೆಕ್ಯಾನಿಕ್ ಪರದೆ ನೋಡಿ ಓದಿದ. "ಪೆಡಲ್ ಯಾರೂ ಒತ್ತಿಲ್ಲ. ಸಾಫ್ಟ್‌ವೇರ್ ತಪ್ಪಿಂದ ಬ್ರೇಕ್ ತಾನಾಗೇ ಬಿದ್ದಿದೆ. ಸರಿ ಮಾಡಿಸೋವರೆಗೆ ಗಾಡಿ ಪಾಸ್ ಮಾಡಲ್ಲ."

ಗಂಡ ತಲೆ ತಗ್ಗಿಸಿದ. ಅವಳು ಹೋಗಿ ಹಿಂದಿನ ಬಾಗಿಲನ್ನು ಪೂರ್ತಿ ತೆರೆದು ಹಿಡಿದಳು.

"ಅತ್ತೆಗೆ ಕಿವಿ ಸ್ವಲ್ಪ ಮಂದ. ಇನ್ನೊಂದ್ಸಲ ಜೋರಾಗಿ ಓದಿ."